ಚಿತ್ರಕಾರನಿಗೆ ವಸ್ತುವೆಲ್ಲಿಂದ? — ಮಾನಸೋಲ್ಲಾಸದ ‘ಆಕಸ್ಮಿಕ’ ಪದವನ್ನು ಕುರಿತ ವಿಚಾರ

೧. ವಿಷಯೋತ್ಥಾನ

ಕೆಲವು ಕಾಲದ ಹಿಂದೆ ಬಯಲುಸೀಮೆಯ ಒಂದು ಪ್ರೌಢಶಾಲೆಯವರು ಮಕ್ಕಳ ಚಿತ್ರಸ್ಪರ್ಧೆಗೆ ತೀರ್ಪುಗಾರನಾಗಿ ಬರಬೇಕೆಂದು ಈ ಲೇಖಕನನ್ನು ಕರೆದಿದ್ದರು. ಕುಂಚ ಹಿಡಿಯಲರಿಯದ ಸಂಸ್ಕೃತ ಪಂಡಿತನಿಗೆ ಈ ಅಧಿಕಾರವು ಹೇಗೆ ಒದಗಿತೆಂದು ವಾಚಕರು ನಗಬಹುದು. ಕರೆಯಬೇಕಾಗಿದ್ದವರು ಬಾರದೆ ಹೋದುದರಿಂದ ಒದಗಿತು. ವಸ್ತುವು ಬರೆಯುವವರ ಇಚ್ಛೆಗೆ ಬಿಟ್ಟದ್ದೆಂದು ಮೊದಲೇ ಪ್ರಕಟಿಸಲಾಗಿದ್ದಿತು. ನಲವತ್ತಕ್ಕೆ ಮಿಕ್ಕ ಹಾಳೆಗಳು ಮುಂದೆ ಬಂದವು. ಅವುಗಳಲ್ಲಿ ಬಹುಭಾಗ ಒಂದೇ ಚಿತ್ರ: ಎರಡು ಬೆಟ್ಟಗಳು, ನಡುವೆ ಹುಟ್ಟುವ ಸೂರ್ಯ, ಅಲ್ಲಿಂದ ಇಳಿದುಬರುವ ಹೊಳೆ, ದಡದಲ್ಲಿ ಗುಡಿಸಲು, ಒಂದು ತೆಂಗಿನ ಮರ, ಮೇಲೆ ಗೀಟಿನಂತಹ ನಾಲ್ಕು ಹಕ್ಕಿಗಳು. ಆ ಊರಿನ ಸುತ್ತ ಹತ್ತು ಹರಿದಾರಿಯಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ. ಒಬ್ಬ ಹುಡುಗನನ್ನು ಹತ್ತಿರ ಕರೆದು, ಇದನ್ನು ಎಲ್ಲಿ ಕಂಡೆ ಎಂದು ಕೇಳಿದಾಗ ಅವನು ಬೆರಗಾಗಿ, “ಎಲ್ಲೂ ಕಂಡಿಲ್ಲ ಸಾರ್, ಚಿತ್ರ ಬರೀರಿ ಅಂದರೆ ಇದನ್ನೇ ಅಲ್ವ ಬರೆಯೋದು?” ಎಂದನು.

ಪಕ್ಕದಲ್ಲಿದ್ದ ಉಪಾಧ್ಯಾಯರು ಹುಡುಗನ ಪಕ್ಷವನ್ನು ವಹಿಸಿದರು: “ಶಾಸ್ತ್ರಿಗಳೇ, ಅವನದೇನು ತಪ್ಪು? ನಮ್ಮ ಹಿಂದಿನವರೂ ಹೀಗೆಯೇ ಅಲ್ಲವೆ? ಶಾಸ್ತ್ರ ಹೇಳಿತು, ಚಿತ್ರಗಾರ ಬರೆದ. ಸ್ವಂತ ಕಲ್ಪನೆ ಅನ್ನುವುದು ನಮಗೆ ಹೊರಗಿನಿಂದ ಬಂದದ್ದು.” ಆ ಹೊತ್ತಿನಲ್ಲಿ ಲೇಖಕನಿಗೆ ಉತ್ತರವು ತೋಚಲಿಲ್ಲ. ಮನೆಗೆ ಬಂದು ಗ್ರಂಥಗಳನ್ನು ತೆರೆದಾಗ ಆ ಮಾತಿನಲ್ಲಿ ಅರ್ಧ ಸತ್ಯವೂ ಅರ್ಧ ಪ್ರಮಾದವೂ ಇರುವಂತೆ ತೋರಿತು. ‘ಏನನ್ನು ಬರೆಯಲಿ?’ ಎಂಬ ಪ್ರಶ್ನೆಗೆ ನಮ್ಮ ಪೂರ್ವಿಕರು ಯಾವ ಯಾವ ಉತ್ತರಗಳನ್ನು ಕೊಟ್ಟಿದ್ದರೆಂಬುದನ್ನು ವಿಂಗಡಿಸಿ, ಕೊನೆಗೆ ಕಲ್ಯಾಣದ ಚಾಲುಕ್ಯ ದೊರೆಯೊಬ್ಬನ ಒಂದು ಪದದ ಅರ್ಥವನ್ನು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಧ್ಯಾನವೆಂಬ ಮೂಲ

ಮೊದಲು ಉಪಾಧ್ಯಾಯರ ಪಕ್ಷದಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳತಕ್ಕದ್ದು. ದೇವತಾಮೂರ್ತಿಗಳ ವಿಷಯದಲ್ಲಿ ವಸ್ತುವು ಚಿತ್ರಕಾರನ ಇಚ್ಛೆಗೆ ಬಿಟ್ಟುದಲ್ಲ. ಎಷ್ಟು ಭುಜಗಳು, ಯಾವ ಆಯುಧಗಳು, ಯಾವ ಬಣ್ಣ, ಯಾವ ವಾಹನ ಎಂಬುದನ್ನು ಧ್ಯಾನಶ್ಲೋಕಗಳು ನಿಯಮಿಸುತ್ತವೆ. ಶುಕ್ರನೀತಿಸಾರವು ಮೂರ್ತಿಯನ್ನು ಮಾಡುವವನು ಧ್ಯಾನಪರನಾಗಿರಬೇಕೆಂದೂ, ಕಣ್ಣೆದುರಿಗೆ ಕಂಡದ್ದಕ್ಕಿಂತಲೂ ಧ್ಯಾನದಿಂದ ಕಂಡದ್ದೇ ಇಲ್ಲಿ ಸಾಧನವೆಂದೂ ಹೇಳುತ್ತದೆ.

ಈ ಮಾರ್ಗದ ಸಂಪೂರ್ಣ ವಿಸ್ತಾರವನ್ನು ಕರ್ಣಾಟಕದಲ್ಲಿ ನೋಡಬೇಕಾದರೆ ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯನ್ನು ತೆರೆಯಬೇಕು. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂದು ಒಂಬತ್ತು ನಿಧಿಗಳುಳ್ಳ ಈ ಸಚಿತ್ರ ಗ್ರಂಥವು ಮೈಸೂರಿನ ಚಿತ್ರಕಾರರಿಗೆ ಅಕ್ಷಯವಾದ ವಸ್ತುಭಂಡಾರವಾಗಿದ್ದಿತು. ಗಣಪತಿಯೊಬ್ಬನಿಗೇ ಮೂವತ್ತೆರಡು ರೂಪಗಳು ಅದರಲ್ಲಿ ಉಕ್ತವಾಗಿವೆ.

ಆದರೆ ಧ್ಯಾನಶ್ಲೋಕವು ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು ಎಂಬುದನ್ನು ಸಾಮಾನ್ಯವಾಗಿ ನಾವು ಎಣಿಸುವುದಿಲ್ಲ. ಆಯುಧಗಳ ಹೆಸರುಂಟು, ಅವುಗಳನ್ನು ಹಿಡಿದ ಬೆರಳಿನ ಬಾಗು ಇಲ್ಲ. ಮೈಬಣ್ಣವುಂಟು; ಹಿಂದಣ ಮಂಟಪದ ಬಣ್ಣವಿಲ್ಲ. ವಾಹನವುಂಟು; ಅದು ಸ್ವಾಮಿಯ ಕಡೆಗೆ ನೋಡುತ್ತಿದೆಯೋ ನಮ್ಮ ಕಡೆಗೆ ನೋಡುತ್ತಿದೆಯೋ ಎಂಬುದಿಲ್ಲ. ಒಂದೇ ಧ್ಯಾನವನ್ನು ಹಿಡಿದು ಇಬ್ಬರು ಬರೆದ ಎರಡು ಮೈಸೂರು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಈ ‘ಇಲ್ಲ’ಗಳ ಕ್ಷೇತ್ರವು ಎಷ್ಟು ವಿಶಾಲವೆಂಬುದು ಗೊತ್ತಾಗುತ್ತದೆ. ಸೂತ್ರವು ಒಂದೇ ಆದರೂ ಭಾಷ್ಯಗಳು ಬೇರೆ ಬೇರೆ. ಭಾಷ್ಯಕಾರನನ್ನು ಸೂತ್ರದ ನಕಲುಗಾರನೆಂದು ಯಾರೂ ಕರೆಯುವುದಿಲ್ಲ.

೩. ಲೋಕವೆಂಬ ಮೂಲ

ಎರಡನೆಯ ಮೂಲವು ಲೋಕ. ಇದಕ್ಕೆ ಪ್ರಮಾಣವು ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರ (ಅಧ್ಯಾಯ ೩೫–೪೩). ಸ್ಟೆಲ್ಲಾ ಕ್ರಾಮ್ರಿಶ್ ಅವರು ೧೯೨೪ರಲ್ಲಿ ಇದನ್ನು ಇಂಗ್ಲಿಷಿಗೆ ಪರಿವರ್ತಿಸಿದಂದಿನಿಂದ ಈ ಭಾಗವು ವಿದ್ವಾಂಸರಿಗೆ ಸುಪರಿಚಿತವಾಗಿದೆ. ಪ್ರಿಯಬಾಲಾ ಶಾಹ ಅವರ ಪರಿಷ್ಕರಣವು ೧೯೫೮ರಲ್ಲಿ ಬರೋಡೆಯಿಂದ ಹೊರಟಿತು. ಸಾಮಾನ್ಯವಾಗಿ ಇದರಿಂದ ಎತ್ತಿಕೊಳ್ಳುವುದು ಪ್ರಮಾಣ, ಸ್ಥಾನ, ವರ್ಣ ಇವುಗಳ ಲಕ್ಷಣವನ್ನು. ವಸ್ತುವಿನ ವಿಷಯದಲ್ಲಿ ನಲವತ್ತೆರಡನೆಯ ಅಧ್ಯಾಯವು ಇವುಗಳಿಗಿಂತ ಮುಖ್ಯವಾದುದು.

ಅಲ್ಲಿ ಮಾರ್ಕಂಡೇಯನು ವಜ್ರನಿಗೆ ಕಾಣದ ವಸ್ತುವನ್ನು ಕಾಣುವ ವಸ್ತುವಿನಿಂದ ತೋರಿಸುವ ಉಪಾಯವನ್ನು ಉಪದೇಶಿಸುತ್ತಾನೆ. ಬೇಸಗೆಯನ್ನು ಬರೆಯುವುದು ಹೇಗೆ? ಬಿಸಿಲಿಗೆ ಬಣ್ಣವೇನು? ಬಳಲಿದ ಮನುಷ್ಯರನ್ನೂ, ನೆರಳನ್ನು ಸೇರಿದ ಮೃಗಗಳನ್ನೂ, ಕೆಸರಿನಲ್ಲಿ ಬಿದ್ದುಕೊಂಡಿರುವ ಎಮ್ಮೆಗಳನ್ನೂ, ಬತ್ತಿದ ಕೊಳವನ್ನೂ ಬರೆ ಎನ್ನುತ್ತಾನೆ. ಬೆಳುದಿಂಗಳಿಗೆ ಅರಳಿದ ಕುಮುದ. ಹೇಮಂತಕ್ಕೆ ಕುಯಿಲಾದ ಹೊಲ ಮತ್ತು ಮಂಜು ಕವಿದ ದಿಗಂತ. ರಾತ್ರಿಗೆ ಚಂದ್ರ ನಕ್ಷತ್ರಗಳು ಮಾತ್ರವೇ ಅಲ್ಲ, ಮಲಗಿದ ಜನರೂ ಮೆಲ್ಲನೆ ಬರುವ ಕಳ್ಳರೂ. ಜೂಜುಕಟ್ಟೆಯನ್ನು ಬರೆಯುವಾಗ ಉತ್ತರೀಯವನ್ನು ಸಹ ಕಳೆದುಕೊಂಡವರನ್ನು ಬರೆಯಬೇಕಂತೆ. ಇದನ್ನು ಹೇಳಿದವನು ಗ್ರಂಥಗಳ ನಡುವೆ ಮಾತ್ರ ಕುಳಿತಿದ್ದವನಲ್ಲ. ಜೂಜುಕಟ್ಟೆಯ ಬಳಿ ಒಂದು ಸಲವಾದರೂ ನಿಂತು ನೋಡಿದವನೆಂಬುದರಲ್ಲಿ ಸಂದೇಹವಿಲ್ಲ.

ಅಲೆ, ಉರಿ, ಹೊಗೆ, ಪತಾಕೆ ಇವುಗಳನ್ನು ಗಾಳಿಯ ಗತಿಗೆ ಅನುಗುಣವಾಗಿ ಬರೆಯಬಲ್ಲವನೇ ಚಿತ್ರಜ್ಞನೆಂದೂ, ನಿದ್ರಿಸಿದವನನ್ನು ಚೈತನ್ಯದಿಂದಲೂ ಸತ್ತವನನ್ನು ಅದರ ಅಭಾವದಿಂದಲೂ ಬೇರೆಮಾಡಿ ತೋರಿಸಬಲ್ಲವನೇ ಬಲ್ಲವನೆಂದೂ ಮುಂದಿನ ಅಧ್ಯಾಯದಲ್ಲಿದೆ. ಇಂತಹ ವಿಶೇಷಗಳನ್ನು ಯಾವ ಧ್ಯಾನಶ್ಲೋಕವೂ ಕಲಿಸಲಾರದು. ಕಣ್ಣು ಕಲಿಸಬೇಕು. ಚಿತ್ರವನ್ನು ಸಮಗ್ರವಾಗಿ ಹೇಳಲು ನೂರಾರು ವರ್ಷಗಳೂ ಸಾಲವೆಂದು ಗ್ರಂಥಕಾರನು ತಾನೇ ಒಪ್ಪಿಕೊಂಡಿರುವುದರಿಂದ, ಆತನು ಕೊಟ್ಟುದು ಮಾದರಿಗಳನ್ನೇ ಹೊರತು ಪರಿಸಮಾಪ್ತವಾದ ಪಟ್ಟಿಯನ್ನಲ್ಲವೆಂದು ತಿಳಿಯತಕ್ಕದ್ದು.

೪. ಸ್ಮೃತಿ ಮತ್ತು ಇತಿವೃತ್ತ

ಮೂರನೆಯ ಮೂಲವು ಸ್ಮೃತಿ. ಇದಕ್ಕೆ ಶಾಕುಂತಲದ ಆರನೆಯ ಅಂಕಕ್ಕಿಂತ ಮಿಗಿಲಾದ ಉದಾಹರಣೆಯಿಲ್ಲ. ದುಷ್ಯಂತನು ತಾನು ನಿರಾಕರಿಸಿ ಕಳುಹಿಸಿದವಳನ್ನು ನೆನೆನೆನೆದು ಬರೆದಿದ್ದಾನೆ. ಶಕುಂತಲೆಯ ರೂಪವು ಮುಗಿದಿದೆ. ಆದರೂ ಚಿತ್ರವು ಮುಗಿದಿಲ್ಲವೆನ್ನುತ್ತಾನೆ. ಇನ್ನೇನು ಬೇಕು? ಮರಳುದಿಣ್ಣೆಯ ಮೇಲೆ ಹಂಸಮಿಥುನವಿರುವ ಮಾಲಿನೀನದಿ, ಜಿಂಕೆಗಳು ಮಲಗಿರುವ ಹಿಮವಂತನ ತಪ್ಪಲು, ನಾರುಮಡಿಗಳನ್ನು ತೂಗುಹಾಕಿದ ಒಂದು ಮರ, ಅದರಡಿಯಲ್ಲಿ ಕೃಷ್ಣಮೃಗದ ಕೊಂಬಿಗೆ ತನ್ನ ಎಡಗಣ್ಣನ್ನು ಉಜ್ಜಿಕೊಳ್ಳುವ ಹೆಣ್ಣು ಜಿಂಕೆ. ಕೊಂಬಿನ ತುದಿಗೆ ಕಣ್ಣನ್ನೊಡ್ಡುವ ಆ ವಿಶ್ವಾಸವನ್ನು ಬರೆಯಬೇಕೆಂದು ತೋರುವುದು, ವಿಶ್ವಾಸವನ್ನು ಮುರಿದವನಿಗೆ. ಅದೇ ಆಶ್ರಮವನ್ನು ನೆನೆದು ವಿದೂಷಕನು ಹೇಳುವುದೇನು? ಉದ್ದಗಡ್ಡದ ತಾಪಸರ ಗುಂಪಿನಿಂದ ಇವನು ಹಲಗೆಯನ್ನು ತುಂಬಿಬಿಡುವಂತಿದೆಯೆಂದು. ವಸ್ತುವು ಸ್ಥಳದಲ್ಲಿದ್ದಿದ್ದರೆ ಇಬ್ಬರಿಗೂ ಒಂದೇ ಆಗಬೇಕಾಗಿತ್ತು. ಒಬ್ಬನಿಗೆ ಜಿಂಕೆಯೂ ಇನ್ನೊಬ್ಬನಿಗೆ ಗಡ್ಡವೂ ತೋರಿದುದರಿಂದ, ವಸ್ತುಲಾಭಕ್ಕೆ ಕಾರಣವು ಸ್ಥಳವಲ್ಲ, ಸ್ಮರಿಸುವವನ ಚಿತ್ತವೆಂಬುದು ಸಿದ್ಧಿಸುತ್ತದೆ.

ನಾಲ್ಕನೆಯದು ಇತಿವೃತ್ತ. ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ರಾಮನ ಚರಿತ್ರೆಯೇ ಚಿತ್ರವಾಗಿರುವುದು ಸರ್ವವಿದಿತ. ನಮ್ಮ ದೇಶದಲ್ಲಿ ಇದಕ್ಕೆ ಪ್ರತ್ಯಕ್ಷ ಸಾಕ್ಷಿಗಳು ಬೇಕಾದಷ್ಟಿವೆ. ಶ್ರೀರಂಗಪಟ್ಟಣದ ದರಿಯಾದೌಲತ್ ಬಾಗಿನ ಅರಮನೆಯು ೧೭೮೪ರಲ್ಲಿ ಕಟ್ಟಿದುದು. ೧೭೮೦ರ ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ದಂಡು ಸೋತ ಕಥೆಯು ಅದರ ಪಶ್ಚಿಮದ ಗೋಡೆಯನ್ನೆಲ್ಲ ತುಂಬಿದೆ. ಚೌಕವಾಗಿ ನಿಂತ ಆಂಗ್ಲ ಸೇನೆ, ನಡುವೆ ಪಲ್ಲಕ್ಕಿಯಲ್ಲಿ ಬೈಲಿ, ಹೊತ್ತಿ ಸಿಡಿಯುವ ಮದ್ದಿನ ಬಂಡಿ. ಈ ವಸ್ತುವಿಗೆ ಯಾವ ಶಿಲ್ಪಶಾಸ್ತ್ರದಲ್ಲಿಯೂ ಲಕ್ಷಣವಿಲ್ಲ. ಗೋಡೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಬಣ್ಣ ಹಚ್ಚಿದ್ದುಂಟಾದುದರಿಂದ ಒಂದೊಂದು ರೇಖೆಯನ್ನೂ ಮೂಲದ್ದೆಂದು ಹೇಳಲಾಗದು. ಆದರೆ ನಡೆದು ನಾಲ್ಕು ವರ್ಷವಾದ ಯುದ್ಧವನ್ನು ಗೋಡೆಗೆ ತರಬೇಕೆಂಬ ಆಲೋಚನೆಯು ಆ ಕಾಲದ್ದೇ.

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳು ಇನ್ನೊಂದು ಬಗೆಯವು. ಅಲ್ಲಿ ಮುಮ್ಮಡಿ ಕೃಷ್ಣರಾಜರ ದಸರಾ ದರ್ಬಾರೂ ಇದೆ. ನಾಗಕುಮಾರನ ಚರಿತ್ರೆಯೂ ಇದೆ. ಇವುಗಳ ಜೊತೆಗೆ ಒಂದು ಮರದ ಸುತ್ತ ಆರು ಜನರಿರುವ ಚಿತ್ರವೂ ಇದೆ. ಇದು ಷಡ್‌ಲೇಶ್ಯೆಗಳ ನಿರೂಪಣೆ. ಹಸಿದ ಆರು ಜನರು ಹಣ್ಣಿನ ಮರವನ್ನು ಕಂಡರು. ಒಬ್ಬನಿಗೆ ಬುಡವನ್ನೇ ಕಡಿಯುವ ಮನಸ್ಸು, ಒಬ್ಬನಿಗೆ ದೊಡ್ಡ ಕೊಂಬೆ, ಒಬ್ಬನಿಗೆ ಸಣ್ಣ ರೆಂಬೆ, ಒಬ್ಬನಿಗೆ ಗೊಂಚಲು, ಒಬ್ಬನಿಗೆ ಹಣ್ಣು ಮಾತ್ರ. ಆರನೆಯವನಿಗೆ ನೆಲಕ್ಕೆ ಉದುರಿದುದು ಸಾಕು. ಜೀವದ ಪರಿಣಾಮಭೇದವೆಂಬ ಅತಿ ಸೂಕ್ಷ್ಮವಾದ ತತ್ತ್ವವು ಒಂದು ಮರದಲ್ಲಿ ಕಣ್ಣಿಗೆ ಕಾಣುವಂತಾಯಿತು. ಕಥೆಯು ಶಾಸ್ತ್ರದ್ದು, ನಿಜ. ಆದರೂ ತತ್ತ್ವಕ್ಕೆ ಆಕಾರವನ್ನು ಹುಡುಕುವುದು ವಸ್ತುಲಾಭದ ಒಂದು ಮುಖ್ಯ ದ್ವಾರವೆಂಬುದನ್ನು ಈ ಗೋಡೆಯು ತೋರಿಸುತ್ತದೆ.

೫. ಸೋಮೇಶ್ವರನ ವಿಭಾಗ

ಮೇಲೆ ಹೇಳಿದ ನಾಲ್ಕು ಮೂಲಗಳೂ ಚಿತ್ರಕಾರನ ಮುಂದೆ ಯಾವುದೋ ಒಂದನ್ನು ಇಡುತ್ತವೆ: ಶ್ಲೋಕವನ್ನು, ಲೋಕವನ್ನು, ನೆನಪನ್ನು, ಕಥೆಯನ್ನು. ಇವು ಯಾವುವೂ ಇಲ್ಲದೆ ಬರಿಯ ಗೋಡೆಯ ಮುಂದೆ ಕುಳಿತವನಿಗೆ ಏನಾದರೂ ತೋಚಬಹುದೆಂದು ನಮ್ಮವರು ಒಪ್ಪಿದ್ದರೆ? ಈ ಪ್ರಶ್ನೆಗೆ ಉತ್ತರವು ಕರ್ಣಾಟಕದ ನೆಲದಲ್ಲಿಯೇ ಹುಟ್ಟಿದ ಗ್ರಂಥದಲ್ಲಿದೆ.

ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ (ಆರನೆಯವನು) ಮಗನಾದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೨೬ರಿಂದ ೧೧೩೮ರ ವರೆಗೆ ಆಳಿದನು. ಅಭಿಲಷಿತಾರ್ಥಚಿಂತಾಮಣಿಯೆಂದೂ ಹೆಸರುಳ್ಳ ಆತನ ಮಾನಸೋಲ್ಲಾಸದಲ್ಲಿ ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ಜ್ಯೋತಿಷ ಪ್ರಸಂಗದಲ್ಲಿ ಶಕ ೧೦೫೧, ಎಂದರೆ ಕ್ರಿ.ಶ. ೧೧೨೯ರ ನಿರ್ದೇಶವಿರುವುದರಿಂದ ರಚನೆಯ ಕಾಲವು ಸುಮಾರಾಗಿ ಗೊತ್ತಾಗುತ್ತದೆ. ಮೈಸೂರಿನ ಪ್ರಾಚ್ಯಕೋಶಾಗಾರದಿಂದ ಇದರ ಮೊದಲ ಭಾಗವು ಆರ್. ಶಾಮಶಾಸ್ತ್ರಿಗಳ ಪರಿಷ್ಕರಣದಲ್ಲಿ ೧೯೨೬ರಲ್ಲಿ ಪ್ರಕಟವಾಯಿತು. ಬರೋಡೆಯ ಗಾಯಕವಾಡ ಮಾಲೆಯಲ್ಲಿ ಶ್ರೀಗೊಂದೇಕರರ ಪರಿಷ್ಕರಣವು ೧೯೨೫, ೧೯೩೯, ೧೯೬೧ ಹೀಗೆ ಮೂರು ಸಂಪುಟಗಳಲ್ಲಿ ಬಂದಿತು. ಚಿತ್ರಪ್ರಕರಣವಿರುವುದು ಮೂರನೆಯ ವಿಂಶತಿಯಲ್ಲಿ, ರಾಜನ ಮನೆಯ ವರ್ಣನೆಯ ಸಂದರ್ಭದಲ್ಲಿ. ವಿ. ರಾಘವನ್ ಅವರು ೧೯೩೩ರಲ್ಲಿಯೇ ಚಿತ್ರವಿಷಯಕವಾದ ಸಂಸ್ಕೃತ ಗ್ರಂಥಗಳನ್ನು ಕುರಿತು ಬರೆಯುತ್ತ ಇದರ ಕಡೆಗೆ ವಿದ್ವಾಂಸರ ದೃಷ್ಟಿಯನ್ನು ಸೆಳೆದಿದ್ದರು.

ದೊರೆಯು ಮೊದಲು ಗೋಡೆಯನ್ನು ನುಣುಪು ಮಾಡುವ ಕ್ರಮವನ್ನೂ, ಹಸಿಯ ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವ ವರೆಗೆ ನೀರಿನಲ್ಲಿ ಬೇಯಿಸಿ ವಜ್ರಲೇಪವನ್ನು ಮಾಡುವ ಕ್ರಮವನ್ನೂ, ಕಾಡಿಗೆಯನ್ನೂ ಅನ್ನವನ್ನೂ ಅರೆದು ಬರೆಯುವ ಬತ್ತಿಯನ್ನು ಮಾಡುವ ಕ್ರಮವನ್ನೂ ಹೇಳುತ್ತಾನೆ. ಬರೆಯುವವನು ಪ್ರಗಲ್ಭನೂ, ಭಾವುಕನೂ, ಸೂಕ್ಷ್ಮರೇಖೆಯಲ್ಲಿ ನಿಪುಣನೂ ಆಗಿರಬೇಕು. ರೂಪವನ್ನೂ ಪ್ರಮಾಣವನ್ನೂ ಮೊದಲು ಚಿಂತಿಸಿ, ಚಿಂತಿಸಿದುದನ್ನು ಆಮೇಲೆ ಭಿತ್ತಿಯಲ್ಲಿ ನೆಲೆಗೊಳಿಸಬೇಕು.

ಅನಂತರ ಚಿತ್ರಭೇದಗಳು: ಕನ್ನಡಿಯ ಪ್ರತಿಬಿಂಬದ ಹಾಗೆ ಸಾದೃಶ್ಯವಿದ್ದರೆ ಅದು ವಿದ್ಧಚಿತ್ರ. ಆಕಸ್ಮಿಕವಾದುದನ್ನು ಬರೆಯುವೆನೆಂದು ಉದ್ದೇಶಿಸಿ ಬರೆದಾಗ ಆಕಾರಮಾತ್ರವು ಒದಗಿದರೆ ಅದು ಅವಿದ್ಧಚಿತ್ರ. ನೋಡಿದ ಮಾತ್ರಕ್ಕೆ ಶೃಂಗಾರಾದಿ ರಸಗಳು ತಿಳಿಯುವಂತಿದ್ದರೆ ಭಾವಚಿತ್ರ. ದ್ರವರೂಪದ ಬಣ್ಣಗಳಿಂದ ಬರೆದುದು ರಸಚಿತ್ರ. ಇಲ್ಲಿ ‘ರಸ’ವೆಂದರೆ ನೀರು ಬೆರೆತ ಬಣ್ಣವೇ ಹೊರತು ಶೃಂಗಾರಾದಿಯಲ್ಲವೆಂಬುದನ್ನು ಅಧ್ಯಾಪಕರು ಮರೆಯಬಾರದು. ಪುಡಿಯ ಬಣ್ಣಗಳಿಂದಾದುದು ಧೂಳಿಚಿತ್ರ, ಎಂದರೆ ನಮ್ಮ ರಂಗವಲ್ಲಿ.

೬. ‘ಆಕಸ್ಮಿಕ’ಪದದ ಅರ್ಥನಿರ್ಣಯ

ಈಗ ವಿವಾದಸ್ಥಾನಕ್ಕೆ ಬರೋಣ. ಅವಿದ್ಧವೆಂಬುದಕ್ಕೆ ಎರಡು ಅರ್ಥಗಳನ್ನು ಹೇಳಲು ಅವಕಾಶವುಂಟು. ಆಕಾರಮಾತ್ರವೆಂಬುದರ ಮೇಲೆ ಭಾರ ಹಾಕಿದರೆ, ಇದು ಪೂರ್ತಿಯಾಗದ ಹೊರಗೆರೆ, ಅವಸರದ ಬರಹ ಎಂದಾಗುತ್ತದೆ. ಆಕಸ್ಮಿಕವೆಂಬುದರ ಮೇಲೆ ಭಾರ ಹಾಕಿದರೆ, ಎದುರಿಗೆ ಮಾದರಿಯಿಲ್ಲದೆ ಮನಸ್ಸಿಗೆ ಹೊಳೆದುದರ ಚಿತ್ರ ಎಂದಾಗುತ್ತದೆ. ಯಾವುದು ಗ್ರಾಹ್ಯ?

ಪೂರ್ವಪಕ್ಷಿಯು ಹೀಗೆ ಹೇಳಬಹುದು: ‘ಅಕಸ್ಮಾತ್’ ಎಂದರೆ ಯಾವುದರಿಂದಲೂ ಅಲ್ಲ, ನಿಷ್ಕಾರಣವಾಗಿ. ಮುಳ್ಳಿನ ತೀಕ್ಷ್ಣತೆಯ ಹಾಗೆ ವಸ್ತುಗಳು ನಿಮಿತ್ತವಿಲ್ಲದೆ ಹುಟ್ಟುತ್ತವೆಂಬ ವಾದವನ್ನು ಗೌತಮನು ನ್ಯಾಯಸೂತ್ರದಲ್ಲಿ ಎತ್ತಿ ನಿರಾಕರಿಸಿದ್ದಾನೆ. ಉದಯನಾಚಾರ್ಯನು ಕುಸುಮಾಂಜಲಿಯ ಮೊದಲ ಸ್ತಬಕದಲ್ಲಿ ‘ಅಕಸ್ಮಾತ್’ ಎಂಬ ಮಾತಿನ ಒಂದೊಂದು ಅರ್ಥವನ್ನೂ ಬಿಡಿಸಿ, ಯಾವುದೂ ನಿಲ್ಲದೆಂದು ತೋರಿಸಿದ್ದಾನೆ. ಕಾರಣವಿಲ್ಲದೆ ಕಾರ್ಯವಿಲ್ಲವಾದುದರಿಂದ, ಆಕಸ್ಮಿಕವಾದ ಚಿತ್ರವೆಂದರೆ ಕೈ ಹೋದ ಕಡೆ ಹೋದ ಗೀಟೇ. ಅದಕ್ಕೆ ಗೌರವವನ್ನು ಕಲ್ಪಿಸುವುದು ಸಲ್ಲದು. ಅಲ್ಲದೆ ಆಲಂಕಾರಿಕರು ಚಿತ್ರವನ್ನು ಪರಾಧೀನವೆಂದೇ ಎಣಿಸಿದ್ದಾರೆ. ಆನಂದವರ್ಧನನು ಕವಿಗಳಲ್ಲಿ ಕಾಣುವ ಅರ್ಥಸಾಮ್ಯವನ್ನು ಪ್ರತಿಬಿಂಬದಂತಹದು, ಚಿತ್ರದಂತಹದು, ತುಲ್ಯವಾದ ದೇಹವುಳ್ಳವನಂತಹದು ಎಂದು ಮೂರಾಗಿ ವಿಂಗಡಿಸಿ ಮೊದಲೆರಡನ್ನು ತ್ಯಾಜ್ಯವೆಂದನು. ರಾಜಶೇಖರನೂ ‘ಆಲೇಖ್ಯಪ್ರಖ್ಯ’ವೆಂಬುದನ್ನು ಅರ್ಥಹರಣದ ಒಂದು ಬಗೆಯಾಗಿ ಎಣಿಸಿದನು. ಚಿತ್ರವೆಂಬ ಹೆಸರೇ ಅನುಕರಣಕ್ಕೆ ಉಪಮಾನವಾಗಿರುವಾಗ ಸ್ವತಂತ್ರ ವಸ್ತುವೆಲ್ಲಿ?

ಇದಕ್ಕೆ ಸಮಾಧಾನ. ಮೊದಲನೆಯದಾಗಿ, ಆನಂದವರ್ಧನನ ಉಪಮಾನವು ಒಬ್ಬ ಮನುಷ್ಯನನ್ನು ನೋಡಿ ಬರೆದ ಚಿತ್ರವನ್ನು ಕುರಿತದ್ದು, ಅದು ವಿದ್ಧಚಿತ್ರ. ಒಂದು ಭೇದದ ಧರ್ಮವನ್ನು ಜಾತಿಗೆಲ್ಲ ಆರೋಪಿಸುವುದು ಯುಕ್ತವಲ್ಲ. ವಿದ್ಧವನ್ನು ಹೇಳಿ ಬೆನ್ನಿಗೇ ಅವಿದ್ಧವನ್ನು ಬೇರೆಯಾಗಿ ಹೇಳಿದ ಸೋಮೇಶ್ವರನಿಗೆ ಈ ಭೇದವು ಸ್ಪಷ್ಟವಾಗಿದ್ದಿತು.

ಎರಡನೆಯದಾಗಿ, ಸೋಮೇಶ್ವರನು ಉದ್ದೇಶಪೂರ್ವಕತ್ವವನ್ನು ಬಾಯಿಬಿಟ್ಟು ಹೇಳಿದ್ದಾನೆ. ಆಕಸ್ಮಿಕವಾದುದನ್ನು ಬರೆಯುವೆನೆಂದು ಸಂಕಲ್ಪಿಸಿಯೇ ಕುಳಿತವನ ಚಿತ್ರವದು. ಅವಸರದಿಂದ ಅರ್ಧಕ್ಕೆ ಬಿಟ್ಟವನಿಗೂ ಕೈಚಳಕಕ್ಕೆ ಗೀಚಿದವನಿಗೂ ಸಂಕಲ್ಪವೆಂಬುದಿಲ್ಲ. ಹೊರಗೆರೆಯೆಂಬ ಅರ್ಥವನ್ನು ಹಿಡಿದರೆ ಈ ಪದವು ವ್ಯರ್ಥವಾಗುತ್ತದೆ. ಪದವೈಯರ್ಥ್ಯವು ವ್ಯಾಖ್ಯಾನದಲ್ಲಿ ದೋಷವೆಂಬುದು ಸರ್ವಸಮ್ಮತ. ಆಕಾರಮಾತ್ರವೆಂದದ್ದೂ ಪ್ರತಿಬಿಂಬದ ಸಾದೃಶ್ಯಕ್ಕೆ ಪ್ರತಿಯಾಗಿ: ಇಂಥವರಂತಿರಬೇಕೆಂಬ ನಿರ್ಬಂಧವಿಲ್ಲ, ಒಂದು ಆಕಾರವು ಸಿದ್ಧಿಸಿದರೆ ಸಾಕು ಎಂದರ್ಥ. ‘ವಿದ್ಧ’ವೆಂದರೆ ಭೇದಿಸಲ್ಪಟ್ಟದ್ದು, ಗುರಿಗೆ ತಗುಲಿದ್ದು. ಹೊರಗೆ ಲಕ್ಷ್ಯವಿದ್ದರೆ ತಗುಲಿತೆನ್ನಬಹುದು. ಹೊರಗೆ ಲಕ್ಷ್ಯವೇ ಇಲ್ಲದ ಬರಹವನ್ನು ಅವಿದ್ಧವೆನ್ನದೆ ಇನ್ನೇನೆನ್ನಬೇಕು?

ಮೂರನೆಯದಾಗಿ, ಕಾರಣಾಭಾವದ ಆಕ್ಷೇಪ. ಇದಕ್ಕೆ ಉತ್ತರವನ್ನು ಸೋಮೇಶ್ವರನಿಗೆ ಮುನ್ನೂರು ವರ್ಷಗಳ ಹಿಂದೆಯೇ ವಾಮನನು ಕಾವ್ಯದ ವಿಷಯದಲ್ಲಿ ಕೊಟ್ಟಿದ್ದಾನೆ. ಅವನ ಮತದಲ್ಲಿ ಕವಿಯ ಅರ್ಥವು ಎರಡು ಬಗೆ: ಬೇರೊಬ್ಬನ ಛಾಯೆಯಿಂದ ಹುಟ್ಟಿದುದು, ಮತ್ತು ‘ಅಯೋನಿ’. ಅಯೋನಿಯೆಂದರೆ ಅಕಾರಣವೆಂದು ವೃತ್ತಿಯಲ್ಲಿ ಹೇಳಿ, ಆ ಮಾತನ್ನು ಅಲ್ಲಿಗೇ ಬಿಡದೆ, ಅವಧಾನವೊಂದೇ ಅದಕ್ಕೆ ಕಾರಣವೆಂದು ವಿವರಿಸುತ್ತಾನೆ. ಈ ವಿಭಾಗವು ಬರುವುದು ಸಮಾಧಿಯೆಂಬ ಅರ್ಥಗುಣದ ನಿರೂಪಣೆಯಲ್ಲಿ. ಚಿತ್ತದ ಏಕಾಗ್ರತೆಯಿಂದ ಅರ್ಥವು ಕಾಣುವುದೇ ಸಮಾಧಿ. ಇದರಿಂದ ಉದಯನನ ನ್ಯಾಯಕ್ಕೂ ಭಂಗವಿಲ್ಲ. ಹೊರಗೆ ಕಾರಣವು ಕಾಣದೆ ಇರುವುದರಿಂದ ಲೋಕವು ಆಕಸ್ಮಿಕವೆನ್ನುತ್ತದೆ. ಒಳಗೆ ಅವಧಾನವೆಂಬ ಕಾರಣವುಂಟು.

ಚಿತ್ರಕ್ಕೂ ಸಮಾಧಿಗೂ ಇರುವ ಈ ನಂಟು ಲೇಖಕನ ಕಲ್ಪನೆಯಲ್ಲ. ಮಾಲವಿಕಾಗ್ನಿಮಿತ್ರದ ಎರಡನೆಯ ಅಂಕದಲ್ಲಿ ಅಗ್ನಿಮಿತ್ರನು ಮಾಲವಿಕೆಯನ್ನು ಮೊದಲು ಚಿತ್ರದಲ್ಲಿ ಕಂಡು, ಇಷ್ಟು ಚೆಲುವು ನಿಜವಿರಲಾರದೆಂದು ಶಂಕಿಸಿದ್ದವನು, ಅವಳನ್ನು ಎದುರಿಗೆ ಕಂಡಾಗ ಚಿತ್ರವೇ ಕಡಮೆಯಾಯಿತೆಂದು ತಿಳಿಯುತ್ತಾನೆ. ಆಗ ಅವನು ಚಿತ್ರಕಾರನ ಕೈಯನ್ನು ದೂರುವುದಿಲ್ಲ, ಬಣ್ಣವನ್ನು ದೂರುವುದಿಲ್ಲ. ಅವನ ಸಮಾಧಿಯು ಸಡಿಲವಾಗಿದ್ದಿತೆನ್ನುತ್ತಾನೆ. ವಿದ್ಧಚಿತ್ರಕ್ಕೇ ಸಮಾಧಿಯು ಇಷ್ಟು ಅವಶ್ಯಕವಾದರೆ, ಅವಿದ್ಧಕ್ಕೆ ಅದೊಂದೇ ಆಧಾರವೆಂಬುದರಲ್ಲಿ ಆಶ್ಚರ್ಯವೇನು? ಆದುದರಿಂದ ಸೋಮೇಶ್ವರನ ‘ಆಕಸ್ಮಿಕ’ವು ವಾಮನನ ‘ಅಯೋನಿ’ಗೆ ಚಿತ್ರಶಾಸ್ತ್ರದಲ್ಲಿ ಸಮಾನಸ್ಥಾನದಲ್ಲಿರುವುದೆಂದು ಲೇಖಕನ ಅಭಿಪ್ರಾಯ. ಸ್ವಂತ ಕಲ್ಪನೆಗೆ ನಮ್ಮ ಶಾಸ್ತ್ರದಲ್ಲಿ ಎಡೆಯಿಲ್ಲವೆಂಬ ಮಾತು ಕ್ರಿ.ಶ. ೧೧೨೯ರಷ್ಟು ಹಿಂದೆಯೇ ಕಲ್ಯಾಣದಲ್ಲಿ ನಿರಸ್ತವಾಗಿದೆ.

೭. ಧೂಳಿಚಿತ್ರದಿಂದ ಒಂದು ಸಾಕ್ಷಿ

ಗ್ರಂಥದ ನಿರ್ಣಯಕ್ಕೆ ಲೋಕದ ಸಾಕ್ಷಿಯೂ ದೊರೆತರೆ ಒಳ್ಳೆಯದು. ಲೇಖಕನ ತಾಯಿಯವರು ಓದುಬರಹ ಬಲ್ಲವರಲ್ಲ. ಬೆಳಗಿನ ಜಾವ ಹೊಸ್ತಿಲ ಮುಂದೆ ಸಾರಿಸಿ, ಹಿಟ್ಟಿನ ಬಟ್ಟಲನ್ನು ಎಡಗೈಯಲ್ಲಿ ಹಿಡಿದು, ಒಂದು ಗಳಿಗೆ ಏನೂ ಮಾಡದೆ ಕುಳಿತಿರುತ್ತಿದ್ದರು. ಪಾಠಶಾಲೆಗೆ ಹೊರಟುನಿಂತ ಹುಡುಗನಾಗಿ ಲೇಖಕನು ಒಂದು ದಿನ, “ಅಮ್ಮ, ಇವತ್ತು ಏನು ಬಿಡ್ತೀಯ?” ಎಂದು ಕೇಳಿದ್ದುಂಟು. “ನನಗೇನು ಗೊತ್ತೋ? ಚುಕ್ಕಿ ಇಡ್ತೀನಿ, ಆಮೇಲೆ ಅದೇ ಹೇಳತ್ತೆ. ನೀನು ಮಾತಾಡಿಸಬೇಡ” ಎಂದರು. ವಾಮನನನ್ನು ಓದಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಚುಕ್ಕಿಗಳೆಂಬ ನಿಯಮವುಂಟು, ‘ಮಾತಾಡಿಸಬೇಡ’ವೆಂಬ ಅವಧಾನವುಂಟು, ಏನು ಬರುವುದೆಂಬುದು ಮೊದಲೇ ಗೊತ್ತಿಲ್ಲವೆಂಬ ಆಕಸ್ಮಿಕತೆಯೂ ಉಂಟು. ಸೂತ್ರ ವೃತ್ತಿಗಳೆರಡೂ ಆ ಹೊಸ್ತಿಲಲ್ಲಿದ್ದವು.

ಇಲ್ಲಿ ಇನ್ನೊಂದು ಅಂಶವೂ ಗಮನಾರ್ಹ. ನಿಯಮವು ಕಲ್ಪನೆಗೆ ಶತ್ರುವೆಂದು ಎಣಿಸುವುದು ವಾಡಿಕೆ. ಚುಕ್ಕಿಗಳಿಲ್ಲದ ನೆಲದ ಮುಂದೆ ಕುಳಿತವರಿಗಿಂತ ಚುಕ್ಕಿಗಳಿಟ್ಟು ಕುಳಿತವರಿಗೆ ಬೇಗ ತೋಚುವುದನ್ನು ಯಾರ ಮನೆಯಲ್ಲಿಯಾದರೂ ನೋಡಬಹುದು. ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರವೂ ಇದನ್ನೇ ಹೇಳುತ್ತದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ, ಪುಂಡಿನಾರಿನ ಕುಂಚ: ಸಾಮಗ್ರಿಯಿಷ್ಟೇ, ಗೆರೆಗಳು ಬಹುಮಟ್ಟಿಗೆ ನೇರವಾದವೇ. ಆದರೂ ಮದುವೆಯ ದಂಡಿಗೆಯೂ ಭತ್ತದ ತೆನೆಯೂ ಹಕ್ಕಿಯೂ 그 ಗೆರೆಗಳಲ್ಲಿಯೇ ಮೂಡುತ್ತವೆ.

೮. ಉಪಸಂಹಾರ

ಹಾಗಾದರೆ ಎರಡು ಬೆಟ್ಟಗಳ ನಡುವಣ ಸೂರ್ಯನಿಗೆ ಕಾರಣವೇನು? ಅದು ಧ್ಯಾನದಿಂದ ಬಂದುದಲ್ಲ. ಯಾವ ಧ್ಯಾನದಲ್ಲಿಯೂ ಅದಿಲ್ಲ. ಲೋಕದಿಂದ ಬಂದುದಲ್ಲ, ಆ ಊರಿನಲ್ಲಿ ಬೆಟ್ಟವಿಲ್ಲ. ಸ್ಮೃತಿಯಲ್ಲ, ಇತಿವೃತ್ತವಲ್ಲ, ಆಕಸ್ಮಿಕವಂತೂ ಅಲ್ಲವೇ ಅಲ್ಲ. ಅದು ಆನಂದವರ್ಧನನು ತ್ಯಾಜ್ಯವೆಂದ ಪ್ರತಿಬಿಂಬ, ಅದೂ ಪ್ರತಿಬಿಂಬದ ಪ್ರತಿಬಿಂಬ. ಶಾಸ್ತ್ರವನ್ನು ಅನುಸರಿಸಿದುದರಿಂದ ಹುಡುಗರಿಗೆ ಈ ಗತಿಯು ಬರಲಿಲ್ಲ. ಶಾಸ್ತ್ರವು ತೆರೆದಿಟ್ಟಿದ್ದ ಐದು ಬಾಗಿಲುಗಳಲ್ಲಿ ಒಂದನ್ನೂ ನಾವು ಅವರಿಗೆ ತೋರಿಸದೆ ಹೋದುದರಿಂದ ಬಂದಿತು. ಈ ‘ನಾವು’ ಎಂಬುದರಲ್ಲಿ, ರಘುವಂಶದ ಋತುವರ್ಣನೆಯನ್ನು ಪಾಠಹೇಳಿ ಮುಗಿಸಿ, ಕಿಟಕಿಯಾಚೆಗಿನ ಋತುವನ್ನು ಒಂದು ದಿನವೂ ತೋರಿಸದ ಲೇಖಕನೂ ಸೇರಿದ್ದಾನೆ.

ಮರುವರ್ಷ ಬೇಸಗೆಯ ರಜಕ್ಕೆ ಮುಂಚೆ ಅದೇ ಶಾಲೆಗೆ ಹೋಗುವ ಸಂದರ್ಭವು ಒದಗಿತು. ಉಪಾಧ್ಯಾಯರ ಅನುಮತಿಯಿಂದ ಮಕ್ಕಳಿಗೆ ಚಿತ್ರಸೂತ್ರದ ನಲವತ್ತೆರಡನೆಯ ಅಧ್ಯಾಯವನ್ನು ಕನ್ನಡದಲ್ಲಿ ಹೇಳಿ, ಕೆಸರಿನ ಎಮ್ಮೆಯ ವರೆಗೆ ಬಂದು ನಿಲ್ಲಿಸಿ, “ಬಿಸಿಲನ್ನು ಬರೆಯಿರಿ, ಸೂರ್ಯನನ್ನು ಮಾತ್ರ ಬರೆಯಬೇಡಿ” ಎಂದು ಹೇಳಲಾಯಿತು. ಬಹಳ ಹೊತ್ತು ಯಾರೂ ಪೆನ್ಸಿಲು ಎತ್ತಲಿಲ್ಲ, ಉಪಾಧ್ಯಾಯರಿಗೆ ಕಸಿವಿಸಿಯಾಯಿತು. ಕೊನೆಗೆ ಬಂದ ಹಾಳೆಗಳಲ್ಲಿ ಕೆಲವು ಎಮ್ಮೆಗಳಿದ್ದವು, ಅದು ಸಹಜ. ಒಬ್ಬ ಹುಡುಗಿಯು ಬೀದಿಯ ನಲ್ಲಿಯನ್ನೂ ಅದರ ಮುಂದೆ ಬಿಂದಿಗೆಗಳ ಉದ್ದನೆಯ ಸಾಲನ್ನೂ ಬರೆದಿದ್ದಳು. ಜನರು ಯಾರೂ ಇರಲಿಲ್ಲ. ಸಾಲಿನ ನಡುವೆ ಒಂದು ಕಡೆ ಬಿಂದಿಗೆಯ ಬದಲು ಒಂಟಿ ಚಪ್ಪಲಿಯಿತ್ತು. ಇದೇನೆಂದು ಕೇಳಿದುದಕ್ಕೆ, “ಬಿಂದಿಗೆ ತರೋಕೆ ಮನೆಗೆ ಹೋಗಿದ್ದಾರೆ ಸಾರ್, ಜಾಗಕ್ಕೆ ಇಟ್ಟಿದ್ದಾರೆ” ಎಂದಳು. ಉತ್ತರೀಯವನ್ನು ಕಳೆದುಕೊಂಡ ಜೂಜುಗಾರನನ್ನು ಕಂಡವನ ಕಣ್ಣಿಗೂ ಈ ಕಣ್ಣಿಗೂ ವ್ಯತ್ಯಾಸವು ಲೇಖಕನಿಗೆ ತೋರಲಿಲ್ಲ.

‘ಆಕಸ್ಮಿಕ’ಪದಕ್ಕೆ ಮೇಲೆ ಹೇಳಿದ ಅರ್ಥವು ಸಾಧುವೇ ಎಂಬುದನ್ನು ಮಾನಸೋಲ್ಲಾಸದ ಹಸ್ತಪ್ರತಿಗಳಲ್ಲಿ ಪರಿಶ್ರಮವುಳ್ಳ ವಿದ್ವಾಂಸರು ಪರಾಮರ್ಶಿಸಬೇಕು. ಕೆಳದಿಯ ಬಸಪ್ಪನಾಯಕನ ಶಿವತತ್ತ್ವರತ್ನಾಕರದಲ್ಲಿಯೂ ಚಿತ್ರಪ್ರಕರಣವಿರುವುದರಿಂದ ಅದರ ಪಾಠವನ್ನೂ ಹೋಲಿಸಿ ನೋಡುವುದು ಉಚಿತ. ಲೇಖಕನ ನಿರ್ಣಯದಲ್ಲಿ ದೋಷವು ಕಂಡುಬಂದರೆ ಇದೇ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ತಿದ್ದಬೇಕೆಂದು ಸಹೃದಯರಲ್ಲಿ ವಿಜ್ಞಾಪನೆ.